ಒಂದು ಶಾಲೆ, ಇಬ್ಬರು ಮಾಸ್ತರರು

(ಸಾಸವಡದಲ್ಲಿ ಸೇರಿದ ಕನ್ನಡ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಿಮಗೆ ಸಿಕ್ಕುವುದು ವಾರಕ್ಕೊಂದು ರಜೆ. ಅಂದು ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು, ವಾರದ ನಿದ್ದೆಯ ಸಾಲ ತೀರಿಸಬೇಕು. ಅದನ್ನೆಲ್ಲ ಬದಿಗಿಟ್ಟು ಕೆಲವರು ಪುಣೆಯಿಂದ ದಿವೆ ಘಾಟ ಏರಿ, ಕೆಲವರು ಜೆಜುರಿಯ ಕಾರಖಾನೆಗಳ ಕಡೆಯಿಂದ ಇಲ್ಲಿಗೆ ಬಂದಿದ್ದೀರಿ. ಮುಂಬಯಿಯ ಗಿರಣಿಗಳಲ್ಲಿ ದುಡಿದು ಈಗ ಮಕ್ಕಳ ಮನೆಯಲ್ಲಿ ವಿಶ್ರಾಂತಿಯಲ್ಲಿರುವ ಹಿರಿಯರೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಮಕ್ಕಳ ವಿದ್ಯಾಭ್ಯಾಸದ ಮೇಲೆ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿದ್ಯೆಯ ಮಹಿಮೆಯನ್ನು ನಿಮ್ಮ ಮುಂದೆ ಕೊಂಡಾಡಬೇಕಾಗಿಲ್ಲ. ಅದು ಇಲ್ಲದ್ದರಿಂದ ಏನೇನು ಅನುಭವಿಸಿದ್ದೀರಿ ಎಂಬುದು ನಿಮಗೇ ಗೊತ್ತು. ಆದುದರಿಂದ ನಾನು ಒಂದೇ ಸಂಗತಿಯನ್ನು ಹೇಳುತ್ತೇನೆ. ಒಂದು ಶಾಲೆಯ ಮಾಸ್ತರರು ತಮ್ಮತಮ್ಮೊಳಗೆ ಕೂತು ಮಾತನಾಡದಿದ್ದರೆ, ಅದರ ದಂಡ ತೆರುವುದು ನಿಮ್ಮ ಮಗು. ಈ ಮಾತನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೇ ಆ ತಪ್ಪು ಮಾಡಿದವನು. ಮೊದಲು ಆ ಕಥೆ ಕೇಳಿರಿ.

1986ರ ಮಾತು. ನಾನು ಗಡಿಭಾಗದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿದ್ದೆ. ಎರಡು ಕೋಣೆ, ಇಬ್ಬರು ಮಾಸ್ತರರು, ನಾಲ್ಕು ತರಗತಿ. ಒಂದು ಎರಡು ನನ್ನವು. ಮೂರು ನಾಲ್ಕು ಹಿರಿಯ ಮಾಸ್ತರರವು. ಅವರಿಗೆ ಐವತ್ತು ದಾಟಿತ್ತು, ನನಗೆ ಇಪ್ಪತ್ತೈದು. ಬೆಳಿಗ್ಗೆ ನಮಸ್ಕಾರ, ಸಂಜೆ ನಮಸ್ಕಾರ. ನಡುವೆ ಒಂದು ಗೋಡೆ. ನಮ್ಮಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಮೂರನೆಯ ತರಗತಿಗೆ ಹೋದ ಹುಡುಗರನ್ನು ಕುರಿತು ಅವರು "ಕೆಳಗೆ ಏನೂ ಕಲಿಸಿಲ್ಲ" ಎನ್ನುತ್ತಿದ್ದರಂತೆ. ನಾನು "ನನ್ನಲ್ಲಿದ್ದಾಗ ಚೆನ್ನಾಗಿದ್ದರು, ಮೇಲೆ ಹೋಗಿ ಕೆಟ್ಟರು" ಎನ್ನುತ್ತಿದ್ದೆ. ಈ ಎರಡು ಮಾತೂ ಊರ ಚಾವಡಿಯಲ್ಲಿ ತಿರುಗಾಡುತ್ತಿದ್ದವು. ನಮ್ಮಿಬ್ಬರ ನಡುವೆ ಮಾತ್ರ ಬರಲಿಲ್ಲ.

ಒಂದು ದಿನ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಶಾಲೆಯ ಕಟ್ಟೆಯ ಹತ್ತಿರ ಬಂದು ನಿಂತಳು. ಹುಡುಗನ ತಂದೆ ಪುಣೆಯ ಒಂದು ಹೋಟೇಲಿನಲ್ಲಿ ಕೆಲಸಕ್ಕಿದ್ದ. "ಲೆಕ್ಕ ಬಾರದ ಹುಡುಗನನ್ನು ಸುಮ್ಮನೆ ಶಾಲೆಗೆ ಕಳಿಸಿ ಏನು ಪ್ರಯೋಜನ? ದೀಪಾವಳಿ ಮುಗಿದ ಮೇಲೆ ಕರೆದುಕೊಂಡು ಬರುತ್ತೇನೆ, ಲೋಟ ತೊಳೆಯಲಿ" ಎಂದು ಅವನು ಹೇಳಿ ಕಳಿಸಿದ್ದ. ಹುಡುಗನಿಗೆ ಆಗ ಒಂಬತ್ತು ವರ್ಷ. ಆ ತಾಯಿ ನಮ್ಮಿಬ್ಬರನ್ನೂ ಹೊರಗೆ ಕರೆದು ಕೇಳಿದಳು: "ಒಬ್ಬರು ಮ್ಯಾಲಿನ ಅಂಕಿ ಒಂದು ಕಡಿಮಿ ಮಾಡು ಅಂತೀರಿ. ಇನ್ನೊಬ್ಬರು ಕೆಳಗಿನ ಅಂಕಿಗೆ ಒಂದು ಕೂಡಿಸು ಅಂತೀರಿ. ನನ್ನ ಕೂಸು ಯಾರ ಮಾತು ಕೇಳಬೇಕ್ರಿ?"

ಹುಡುಗನ ಪಾಟಿಯನ್ನು ನೋಡಿದೆವು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ. ಅವನು ಹದಿನೈದು ಎಂದು ಬರೆದಿದ್ದ. ನಿಮ್ಮಲ್ಲಿ ಗಲ್ಲೆಯ ಮೇಲೆ ಕೂರುವವರಿಗೆ ಕೂಡಲೆ ತಿಳಿಯುತ್ತದೆ, ಉತ್ತರ ಇಪ್ಪತ್ತೈದು. ಆದರೆ ಹದಿನೈದು ಎಲ್ಲಿಂದ ಬಂತು?

ನಾನು ಕಲಿಸಿದ ಪದ್ಧತಿ ಹೀಗೆ: ಎರಡರಲ್ಲಿ ಏಳು ಹೋಗುವುದಿಲ್ಲ. ಪಕ್ಕದ ಐದು ಹತ್ತುಗಳಲ್ಲಿ ಒಂದು ಹತ್ತನ್ನು ಒಡೆದು ತಂದರೆ ಹನ್ನೆರಡು ಆಗುತ್ತದೆ. ಹನ್ನೆರಡರಲ್ಲಿ ಏಳು ಹೋದರೆ ಐದು. ಮೇಲೆ ಉಳಿದದ್ದು ನಾಲ್ಕು. ನಾಲ್ಕರಲ್ಲಿ ಎರಡು ಹೋದರೆ ಎರಡು. ಇಪ್ಪತ್ತೈದು. ಹಿರಿಯ ಮಾಸ್ತರರದು ಹಳೆಯ ಪದ್ಧತಿ: ಮೇಲಿನ ಎರಡನ್ನು ಹನ್ನೆರಡು ಮಾಡು, ಅದಕ್ಕೆ ಬದಲಾಗಿ ಕೆಳಗಿನ ಎರಡಕ್ಕೆ ಒಂದು ಕೂಡಿಸಿ ಮೂರು ಮಾಡು. ಹನ್ನೆರಡರಲ್ಲಿ ಏಳು ಹೋದರೆ ಐದು. ಐದರಲ್ಲಿ ಮೂರು ಹೋದರೆ ಎರಡು. ಇಪ್ಪತ್ತೈದೇ. ಎರಡು ದಾರಿಯೂ ಸರಿ, ಎರಡೂ ಒಂದೇ ಊರಿಗೆ ಹೋಗುತ್ತವೆ. ಪಾಪ, ಆ ಹುಡುಗ ಇಬ್ಬರು ಗುರುಗಳ ಮಾತನ್ನೂ ನಡೆಸಿದ. ನನ್ನ ಮಾತಿನಂತೆ ಮೇಲಿನ ಐದನ್ನು ನಾಲ್ಕು ಮಾಡಿದ, ಅವರ ಮಾತಿನಂತೆ ಕೆಳಗಿನ ಎರಡನ್ನು ಮೂರು ಮಾಡಿದ. ನಾಲ್ಕರಲ್ಲಿ ಮೂರು ಹೋದರೆ ಒಂದು. ಹದಿನೈದು!

ಅವನು ದಡ್ಡನಾಗಿರಲಿಲ್ಲ, ವಿಧೇಯನಾಗಿದ್ದ. ದಡ್ಡತನ ನಮ್ಮದಾಗಿತ್ತು. ಒಂದೇ ಸೂರಿನ ಕೆಳಗೆ ಒಂದೂವರೆ ವರ್ಷ ಕಳೆದರೂ ನಾವಿಬ್ಬರು "ಕಳೆಯುವ ಲೆಕ್ಕವನ್ನು ನೀವು ಹೇಗೆ ಹೇಳುತ್ತೀರಿ?" ಎಂದು ಪರಸ್ಪರ ಕೇಳಿರಲಿಲ್ಲ.

ಅಂದಿನಿಂದಲೇ ನಾವು ಜೊತೆಯಾದೆವೆಂದು ಹೇಳಿದರೆ ಸುಳ್ಳಾಗುತ್ತದೆ. ಹಿರಿಯರಿಗೆ ಅವಮಾನವಾದಂತಾಯಿತು. ನನಗೆ ಯೌವನದ ಬಿಗುಮಾನ. ಮೂರು ವಾರ ಮಾತೇ ಇಲ್ಲ. ಕೊನೆಗೆ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಅವರೇ ಕಟ್ಟೆಯ ಮೇಲೆ ಕೂತು, "ತಮ್ಮಾ, ಬಾ ಇಲ್ಲಿ. ಆ ನಿನ್ನ ಹತ್ತು ಒಡೆಯೋ ಲೆಕ್ಕ ನನಗ ಒಮ್ಮೆ ತೋರಿಸು" ಎಂದರು. ಐವತ್ತು ದಾಟಿದವರು ಇಪ್ಪತ್ತೈದರವನನ್ನು ಹಾಗೆ ಕೇಳಿದರು. ನನ್ನ ಬಿಗುಮಾನ ಅಲ್ಲೇ ಕರಗಿತು.

ಅಂದಿನಿಂದ ಪ್ರತಿ ಶನಿವಾರ ಅರ್ಧ ಗಂಟೆ ಕೂರತೊಡಗಿದೆವು. ನಾಲ್ಕು ಹುಡುಗರ ನೋಟುಬುಕ್ಕು ಮುಂದಿಟ್ಟುಕೊಳ್ಳುವುದು. ತಪ್ಪು ಎಲ್ಲಿದೆ, ಏಕೆ ಬಂದಿರಬಹುದು ಎಂದು ಹುಡುಕುವುದು. "ಯಾರು ಕಲಿಸಿದ್ದು?" ಎಂದು ಕೇಳಬಾರದು ಎಂದು ಕಟ್ಟು ಮಾಡಿಕೊಂಡೆವು. ಮುಂದೆ ತಿಂಗಳಿಗೊಮ್ಮೆ ಅವರ ಪಾಠದಲ್ಲಿ ನಾನು ಹಿಂದೆ ಕೂತೆ, ನನ್ನ ಪಾಠದಲ್ಲಿ ಅವರು ಕೂತರು. ಅವರಿಂದ ನಾನು ಕಥೆ ಹೇಳುವುದನ್ನು ಕಲಿತೆ. ನನ್ನಿಂದ ಅವರು ಹುಣಸೆ ಬೀಜ, ಜೋಳದ ದಂಟು ಇಟ್ಟುಕೊಂಡು ಲೆಕ್ಕ ತೋರಿಸುವುದನ್ನು ಕಲಿತರು. ಆ ಹುಡುಗ ದೀಪಾವಳಿಯ ನಂತರವೂ ಶಾಲೆಯಲ್ಲೇ ಉಳಿದ. ಅವನ ತಂದೆಗೆ ಕಾಗದ ಬರೆದು ಒಪ್ಪಿಸಿದವರು ಹಿರಿಯ ಮಾಸ್ತರರು. ಆದರೆ ಅವನಿಗಿಂತ ಮುಂಚೆ ಇಂಥದೇ ಗೊಂದಲಕ್ಕೆ ಸಿಕ್ಕಿ ಶಾಲೆ ಬಿಟ್ಟು ಹೋದವರು ಎಷ್ಟು ಮಂದಿಯೋ! ಅವರ ತಾಯಂದಿರು ಕಟ್ಟೆಯವರೆಗೆ ಬಂದು ಕೇಳಲಿಲ್ಲ. ಆ ಲೆಕ್ಕ ನನ್ನ ತಲೆಯ ಮೇಲೆ ಇಂದಿಗೂ ಬಾಕಿ ಇದೆ.

ಬಂಧುಗಳೆ, ಕೂಡಿ ಕೆಲಸ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹೋಟೇಲಿನಲ್ಲಿ ರಾತ್ರಿ ಹಿಟ್ಟು ರುಬ್ಬುವವನು ಬೇರೆ, ಬೆಳಿಗ್ಗೆ ಕಾವಲಿಯ ಮುಂದೆ ನಿಲ್ಲುವವನು ಬೇರೆ. "ಇವತ್ತು ಹಿಟ್ಟು ಹುಳಿ ಬಂದಿದೆ, ನಾಳೆ ಸ್ವಲ್ಪ ತಡವಾಗಿ ರುಬ್ಬು" ಎಂಬ ಒಂದು ಮಾತು ಅವರ ನಡುವೆ ನಡೆಯದಿದ್ದರೆ ಗಿರಾಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗುತ್ತಾನೆ. ಗಿರಣಿಯ ಹಿರಿಯರನ್ನು ಕೇಳಿ. ಕಾರ್ಡಿಂಗಿನಲ್ಲಿ ಹತ್ತಿ ಸರಿಯಾಗಿ ಹಸನಾಗದಿದ್ದರೆ ನೂಲು ಗಂಟುಗಂಟಾಗುತ್ತದೆ, ಮಗ್ಗದ ಖಾತೆಯಲ್ಲಿ ಎಳೆ ಹರಿಯುತ್ತದೆ. ಅಲ್ಲಿ ನಿಂತವನು ಎಷ್ಟೇ ಕುಶಲಿಯಾದರೂ ಬಟ್ಟೆ ಚೆನ್ನಾಗಿ ಬರುವುದಿಲ್ಲ. ಶಾಲೆಯೂ ಅಷ್ಟೆ. ಒಂದನೆಯ ತರಗತಿಯ ತೊಡಕು ನಾಲ್ಕನೆಯದರಲ್ಲಿ ಹರಿಯುತ್ತದೆ. ಆದರೆ ದೋಸೆ ಕೆಟ್ಟರೆ ಗಿರಾಕಿ ಕೂಗಾಡುತ್ತಾನೆ, ಬಟ್ಟೆ ಕೆಟ್ಟರೆ ಜಾಬರ್ ಬಂದು ನಿಲ್ಲುತ್ತಾನೆ. ಮಗುವಿನ ಓದು ಕೆಟ್ಟರೆ ಕೂಗುವವರಿಲ್ಲ. ಮಗು ತನ್ನನ್ನೇ ದಡ್ಡನೆಂದುಕೊಂಡು ಸುಮ್ಮನಾಗುತ್ತದೆ.

ನಾವು ಸೇರಿರುವ ಈ ನೆಲ ಈ ವಿಷಯಕ್ಕೆ ಹೊಸದಲ್ಲ. ಇಲ್ಲಿಗೆ ಸಮೀಪದ ಖಾನವಡಿ ಮಹಾತ್ಮ ಜೋತಿಬಾ ಫುಲೆಯವರ ಮನೆತನದ ಊರು. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದದ್ದನ್ನು ನೀವು ಕೇಳಿದ್ದೀರಿ. ಅಷ್ಟಾಗಿ ಯಾರೂ ಹೇಳದ ಒಂದು ಸಂಗತಿಯನ್ನು ನಾನು ಹೇಳುತ್ತೇನೆ. 1856ರಲ್ಲಿ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರೂರಾದ ನಾಯಗಾಂವಕ್ಕೆ ಹೋಗಿದ್ದರು. ಅಲ್ಲಿಂದ ಗಂಡನಿಗೆ ಬರೆದ ಕಾಗದದಲ್ಲಿ ಅವರಿಗಿದ್ದ ಚಿಂತೆಗಳಲ್ಲಿ ಒಂದು, ತಾನಿಲ್ಲದ್ದರಿಂದ ಫಾತಿಮಾಳಿಗೆ ಎಷ್ಟು ತೊಂದರೆಯಾಗುತ್ತಿದೆಯೋ ಎಂಬುದು. ಆದರೆ ಆಕೆ ಗೊಣಗುವವಳಲ್ಲ ಎಂಬ ನಂಬಿಕೆಯೂ ಆ ಕಾಗದದಲ್ಲಿದೆ. ಗಿರಣಿಯಲ್ಲಿ 'ಬದಲಿ' ಎಂದರೆ ಏನೆಂದು ನಿಮಗೆ ಗೊತ್ತು. ಒಬ್ಬಳು ಮಲಗಿದಾಗ ಇನ್ನೊಬ್ಬಳು ಕೆಲಸಕ್ಕೆ ಹೆಗಲು ಕೊಡುತ್ತಾಳೆ; ಮಲಗಿದವಳು ಹಾಸಿಗೆಯಿಂದಲೇ ಜೊತೆಯವಳ ಭಾರವನ್ನು ನೆನೆಯುತ್ತಾಳೆ. ದಾರಿಯಲ್ಲಿ ಕಲ್ಲು ಸಗಣಿ ಎಸೆಯುವ ಜನರ ನಡುವೆ ಆ ಶಾಲೆಗಳು ನಿಂತದ್ದು ಇಂಥ ಜೊತೆಗಾರಿಕೆಯಿಂದ.

ಇನ್ನು ನಮ್ಮ ನಾಡಿನ ಕಡೆ ನೋಡೋಣ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲೂಕು. 1995ರಲ್ಲಿ ಅಲ್ಲಿನ ಕೆಲವು ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿದ್ದ ರಿಷಿವ್ಯಾಲಿಗೆ ಹೋದರು. ಅಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬೊಬ್ಬ ಶಿಕ್ಷಕರು ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಚಿಕ್ಕ ಶಾಲೆಗಳಿದ್ದವು. ಅವನ್ನು ನೋಡಿ ಬಂದು ಇವರು ಸುಮ್ಮನಾಗಲಿಲ್ಲ. ಒಟ್ಟಿಗೆ ಕೂತು ಕನ್ನಡದ ಪಾಠಗಳನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ, ಒಂದೊಂದು ಹೆಜ್ಜೆಗೂ ಕಾರ್ಡು ಬರೆದು, ಆ ಹೆಜ್ಜೆಗಳನ್ನು ಒಂದು ಏಣಿಯಂತೆ ಜೋಡಿಸಿದರು. ತಮ್ಮ ಶಾಲೆಗಳಲ್ಲಿ ಮಾಡಿ ನೋಡಿದರು. ಯುನಿಸೆಫ್ ನೆರವಾಯಿತು. ಅದೇ ಮುಂದೆ 'ನಲಿ-ಕಲಿ' ಎಂದು ಹೆಸರಾಯಿತು. ಮಗು ಹತ್ತು ದಿನ ಶಾಲೆ ತಪ್ಪಿಸಿ ಬಂದರೂ ತಾನು ಬಿಟ್ಟ ಮೆಟ್ಟಲಿನಿಂದಲೇ ಮುಂದೆ ಏರಬಹುದು. ಸುಗ್ಗಿಗೆ, ಜಾತ್ರೆಗೆ, ಕೂಲಿಗೆ ತಂದೆತಾಯಿಗಳ ಜೊತೆ ಹೋಗಿಬರುವ ಮಕ್ಕಳಿಗೆ ಇದು ದೊಡ್ಡ ಉಪಕಾರ. 2009-10ರಿಂದ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಈ ಪದ್ಧತಿ ಬಂತು.

ಇಲ್ಲಿ ನಾವು ಗಮನಿಸತಕ್ಕ ಸಂಗತಿ ಒಂದಿದೆ. ಕೋಟೆಯ ಉಪಾಧ್ಯಾಯರಿಗೆ ಆ ಕಾರ್ಡು ತಮ್ಮ ಕೈಕೆಲಸ. ಏಕೆ ಹೀಗೆ ಬರೆದೆವು, ಎಲ್ಲಿ ಬದಲಾಯಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಅದೇ ಕಾರ್ಡು ಪೆಟ್ಟಿಗೆಯಲ್ಲಿ ಬಂದಾಗ, ಜೊತೆಗೆ ಕೂತು ಚರ್ಚೆ ಮಾಡದ ಮಾಸ್ತರರಿಗೆ ಅದು ಇನ್ನೊಂದು ಸರಕಾರಿ ಸಾಮಾನು. ಕಾರ್ಡನ್ನು ಲಾರಿಯಲ್ಲಿ ಕಳಿಸಬಹುದು, ಒಟ್ಟಿಗೆ ಕೂತು ಪಡೆದ ತಿಳಿವಳಿಕೆಯನ್ನು ಲಾರಿಯಲ್ಲಿ ಕಳಿಸಲಾಗದು. ಅದನ್ನು ಪ್ರತಿ ಶಾಲೆಯವರೂ ತಾವೇ ಕೂತು ಗಳಿಸಬೇಕು.

ಜಪಾನ್ ದೇಶದ ಪ್ರಾಥಮಿಕ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ರೂಢಿ ಇದೆ. ನಾಲ್ಕಾರು ಶಿಕ್ಷಕರು ಸೇರಿ ಒಂದು ಪಾಠವನ್ನು ಸಿದ್ಧ ಮಾಡುತ್ತಾರೆ. ಒಬ್ಬರು ತರಗತಿಯಲ್ಲಿ ಅದನ್ನು ಕಲಿಸುತ್ತಾರೆ. ಉಳಿದವರು ಗೋಡೆಯ ಬದಿಗೆ ನಿಂತು ಯಾವ ಮಗು ಎಲ್ಲಿ ತಡೆಯಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಕೂತು ಮಾತನಾಡುತ್ತಾರೆ. ಪಾಠವನ್ನು ಎಲ್ಲರೂ ಕೂಡಿ ಮಾಡಿದ್ದರಿಂದ ಅದರ ಕುಂದೂ ಎಲ್ಲರದು. ನಿಂತು ಕಲಿಸಿದವರೊಬ್ಬರ ತಲೆಗೆ ಕಟ್ಟುವುದಿಲ್ಲ. ನಮ್ಮ ಕಟ್ಟೆಯ ಮೇಲಿನ ಕಟ್ಟೂ ಅದೇ ಆಗಿತ್ತು. ಜಪಾನಿನ ಈ ರೂಢಿಯ ಹೆಸರನ್ನು ಕೂಡ ನಾವು ಆಗ ಕೇಳಿರಲಿಲ್ಲ!

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಹೆಚ್ಚಿನವರ ಮಕ್ಕಳು ಇಲ್ಲಿ ಮರಾಠಿ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ. ನಾವು 'ಇಪ್ಪತ್ತೇಳು' ಎನ್ನುತ್ತೇವೆ: ಮೊದಲು ಇಪ್ಪತ್ತು, ಆಮೇಲೆ ಏಳು, ಬರೆಯುವ ಕ್ರಮದಲ್ಲೇ. ಮರಾಠಿಯಲ್ಲಿ 'ಸತ್ತಾವೀಸ': ಮೊದಲು ಏಳು, ಆಮೇಲೆ ಇಪ್ಪತ್ತು. ಕನ್ನಡ ಮಗು ಕಿವಿಯಲ್ಲಿ ಕೇಳಿದಂತೆ ಏಳನ್ನು ಮೊದಲು ಬರೆದು ಎಪ್ಪತ್ತೆರಡು ಮಾಡಿಬಿಡುತ್ತದೆ. ಇದು ನಮ್ಮ ಮಕ್ಕಳ ತೊಡಕು ಮಾತ್ರವಲ್ಲ. ಮರಾಠಿ ಮಕ್ಕಳಿಗೇ ಇದು ಕಷ್ಟವೆಂದು 2019ರಲ್ಲಿ ಬಾಲಭಾರತಿಯವರು ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ ಸಾತ' ಎಂದು ಬಿಡಿಸಿ ಹೇಳುವ ಕ್ರಮವನ್ನೂ ಕೊಟ್ಟರು. ಅದರ ಮೇಲೆ ರಾಜ್ಯದಲ್ಲೆಲ್ಲ ದೊಡ್ಡ ವಾದವೇ ನಡೆಯಿತು.

ಹೀಗೆ ಅಂಕಿ ತಿರುಗಿಸಿ ಬರೆಯುವ ಮಗುವನ್ನು ಒಂದನೆಯ ತರಗತಿಯ ಬಾಯಿಯವರು 'ಮಂದ' ಎಂದು ತಿಳಿಯಬಹುದು. ಎರಡನೆಯ ತರಗತಿಯ ಗುರುಜಿ 'ಲಕ್ಷ್ಯವಿಲ್ಲದವನು' ಎಂದು ತಿಳಿಯಬಹುದು. ಇಬ್ಬರೂ ಒಳ್ಳೆಯವರೇ. ಆದರೆ ಆ ನೋಟುಬುಕ್ಕನ್ನು ನಡುವೆ ಇಟ್ಟುಕೊಂಡು ಹತ್ತು ನಿಮಿಷ ಕೂತರೆ, "ಅರೆ, ಇವನು ಮನೆಯ ಭಾಷೆಯಲ್ಲಿ ಎಣಿಸುತ್ತಿದ್ದಾನೆ" ಎಂದು ಒಬ್ಬರಿಗಾದರೂ ಹೊಳೆಯುತ್ತದೆ. ಆ ಹತ್ತು ನಿಮಿಷ ಇಲ್ಲದ್ದಕ್ಕೆ ಒಂದು ಮಗುವಿಗೆ ಎರಡು ವರ್ಷ ನಷ್ಟ.

"ಮಾಸ್ತರರು ಕೂರಲಿ, ಬೇಡವೆಂದವರು ಯಾರು?" ಎಂದು ನೀವು ಕೇಳಬಹುದು. ಹೊತ್ತು ಬೇಕಲ್ಲ! ಚುನಾವಣೆಯ ಯಾದಿ, ಜನಗಣತಿ, ಮಧ್ಯಾಹ್ನದ ಊಟದ ಲೆಕ್ಕ, ಮೊಬೈಲಿನಲ್ಲಿ ದಿನಕ್ಕೊಂದು ಮಾಹಿತಿ ತುಂಬುವ ಕೆಲಸ ಎಲ್ಲವೂ ಅವರ ತಲೆಯ ಮೇಲೆ. 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಇಬ್ಬರಲ್ಲಿ ಒಬ್ಬರು ಸರಕಾರಿ ಕೆಲಸಕ್ಕೆ ಹೋದರೆ ಉಳಿದವರು ಒಬ್ಬರೇ. ಕೂತು ಮಾತನಾಡುವುದು ಯಾರೊಡನೆ? ಆದರೆ ಅದೇ ಕಾಯದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಕೆಲಸ, ಅದರಲ್ಲಿ ಪಾಠದ ಸಿದ್ಧತೆಯ ಹೊತ್ತೂ ಸೇರಿದೆ. ಅಂದರೆ ಕೂತು ಸಿದ್ಧ ಮಾಡುವುದು ಕೂಡ ಕೆಲಸವೇ. ಎಂಟು ಗಂಟೆಯ ಪಾಳಿಗಾಗಿ, ವಾರದ ರಜೆಗಾಗಿ ಹೋರಾಡಿದ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಕೆಲಸ ಚೆನ್ನಾಗಿ ಆಗಬೇಕಾದರೆ ಕೆಲಸಗಾರನಿಗೆ ಅದಕ್ಕೆ ತಕ್ಕ ಹೊತ್ತು ಕೊಡಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ನಾಲ್ಕು ಮಾತು ಹೇಳುತ್ತೇನೆ, ಯಾವುದಕ್ಕೂ ಹಣ ಖರ್ಚಿಲ್ಲ.

ಮೊದಲನೆಯದು, ಶಾಲಾ ವ್ಯವಸ್ಥಾಪನ ಸಮಿತಿ. ಅದೇ ಕಾಯದೆಯಂತೆ ಸರಕಾರಿ ಶಾಲೆಯ ಈ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಾವು ಪರವೂರಿನವರು, ನಮ್ಮನ್ನು ಯಾರು ಕೇಳುತ್ತಾರೆ ಎಂದು ಹಿಂದೆ ಸರಿಯಬೇಡಿ. ಮಗು ಆ ಶಾಲೆಯದಾದರೆ ಸಮಿತಿಯೂ ನಿಮ್ಮದೇ. ಅಲ್ಲಿ ಗೋಡೆ, ನಲ್ಲಿ, ಪಾಯಖಾನೆಯ ಮಾತಿನ ಜೊತೆಗೆ ಒಂದು ಪ್ರಶ್ನೆ ಕೇಳಿರಿ: "ಗುರುಜಿ, ನೀವೆಲ್ಲ ವಾರದಲ್ಲಿ ಯಾವಾಗ ಒಟ್ಟಿಗೆ ಕೂರುತ್ತೀರಿ? ಅದಕ್ಕೆ ನಮ್ಮಿಂದ ಏನು ಸಹಾಯ ಬೇಕು?" ಆಪಾದನೆಯ ಧ್ವನಿ ಬೇಡ, ಕೇಳಿದರೆ ಸಾಕು.

ಎರಡನೆಯದು, ಮಾಸ್ತರರು ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳವರ ಜೊತೆ ಶಿಕ್ಷಣ ಪರಿಷತ್ತಿಗೆ ಹೋದ ದಿನ "ಇವರಿಗೆ ಸಂಬಳ ಸಿಗುತ್ತದೆ, ಊರು ಸುತ್ತುತ್ತಾರೆ" ಎಂದು ಹೇಳಬೇಡಿ. ಮಾರನೆಯ ದಿನ ಅಲ್ಲಿ ಏನು ಮಾತಾಯಿತು ಎಂದು ಕೇಳಿರಿ. ಕೇಳುವವರಿದ್ದಾರೆಂದು ತಿಳಿದರೆ ಅಲ್ಲಿನ ಮಾತೂ ಗಟ್ಟಿಯಾಗುತ್ತದೆ.

ಮೂರನೆಯದು, ಮಗುವಿನ ಮನೆಮಾತು ಕನ್ನಡವೆಂದು ತರಗತಿಯ ಶಿಕ್ಷಕರಿಗೊಬ್ಬರಿಗೇ ಹೇಳಿ ಬಿಡಬೇಡಿ. ಮುಖ್ಯೋಪಾಧ್ಯಾಯರಿಗೂ ಹೇಳಿರಿ, ಮುಂದಿನ ತರಗತಿಯವರಿಗೂ ಹೇಳಿರಿ. ಅಂಕಿ ತಿರುಗಿಸಿ ಬರೆದರೆ ಹೊಡೆಯಬೇಡಿ, ಹೊಡೆಸಬೇಡಿ.

ನಾಲ್ಕನೆಯದು, ನೌಕರಿ ಬದಲಾದಾಗ ನಾವು ಮಗುವನ್ನು ನಡು ವರ್ಷದಲ್ಲೇ ಊರಿಗೆ ಕಳಿಸುತ್ತೇವೆ, ಊರಿಂದ ತರುತ್ತೇವೆ. ಆಗ ಶಾಲೆಯ ದಾಖಲೆ ಒಂದನ್ನೇ ಒಯ್ಯಬೇಡಿ. ಹಳೆಯ ನೋಟುಬುಕ್ಕುಗಳನ್ನೂ ಒಯ್ಯಿರಿ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಮಾಸ್ತರರ ನಡುವೆ ಮಾತನಾಡುವುದು ಅದೊಂದೇ.

ಈ ಊರಿನವರಿಗೆ ವಾರಕರಿಗಳ ದಿಂಡಿಯ ವರ್ಣನೆ ಹೇಳಬೇಕಾಗಿಲ್ಲ. ಆಷಾಢದ ಏಕಾದಶಿಗೆ ಪಂಢರಪುರ ಸೇರಲು ಜ್ಞಾನೇಶ್ವರರ ಪಾಲಖಿ ದಿವೆ ಘಾಟ ಏರಿ ಸಾಸವಡಕ್ಕೆ ಬರುತ್ತದೆ. ತಮ್ಮನಾದ ಸೋಪಾನದೇವರ ಪಾಲಖಿ ಇಲ್ಲಿಂದಲೇ ಹೊರಡುತ್ತದೆ. ದಿಂಡಿಯಲ್ಲಿ ತಾಳ ಹಿಡಿದವರು ಎಷ್ಟೋ ಮಂದಿ, ಮೃದಂಗ ಒಂದು, ವೀಣೆ ಒಂದು. ಸಾವಿರಾರು ಜನರ ಗದ್ದಲದಲ್ಲೂ ತಾಳ ತಪ್ಪುವುದಿಲ್ಲ. ಏಕೆಂದರೆ ಪ್ರತಿಯೊಬ್ಬನೂ ಬಾರಿಸುತ್ತಲೇ ಪಕ್ಕದವನನ್ನು ಕೇಳುತ್ತಾನೆ. ನಮ್ಮ ಶಾಲೆಗಳಲ್ಲಿ ಬಾರಿಸುವವರು ಇದ್ದಾರೆ. ಪಕ್ಕದವರನ್ನು ಕೇಳಲು ಅವರಿಗೊಂದು ಶನಿವಾರದ ಅರ್ಧ ಗಂಟೆ ಬೇಕು.

ಕಟ್ಟೆಯ ಹತ್ತಿರ ನಿಂತು ಕೇಳಿದ ಆ ತಾಯಿಗೆ ಓದು ಬರುತ್ತಿರಲಿಲ್ಲ. ಆದರೂ ನನ್ನ ಇಡೀ ನೌಕರಿಯಲ್ಲಿ ಯಾವ ಸಾಹೇಬರೂ ಕೇಳದ ಪ್ರಶ್ನೆಯನ್ನು ಅವಳು ಕೇಳಿದಳು. ನೀವೂ ಕೇಳಿರಿ. ನಾಳೆ ಸೋಮವಾರ, ಶಾಲೆ ಇದೆ.